ತಾರೀಕು ಮುಂದೆ ಹೋದರೆ ಹೋಗಲಿ: ಸೊಂಟದ ಕೀಲನ್ನು ಎರಡನೇ ಸಲ ಬದಲಿಸಿಕೊಳ್ಳುವವರಿಗೆ ಒಂದು ಬಹಿರಂಗ ಪತ್ರ



ಸೊಂಟದ ಕೀಲಿನ ಎರಡನೇ ಆಪರೇಷನ್ನಿಗೆ ದಿನ ಗೊತ್ತುಮಾಡಿಕೊಂಡಿರುವವರಿಗೆ, ಅದರ ಯೋಚನೆಯಲ್ಲಿರುವವರಿಗೆ, ಅವರ ಜೊತೆ ಫೈಲು ಹಿಡಿದು ಆಸ್ಪತ್ರೆಗೆ ಓಡಾಡುವ ಮಗಳು, ಸೊಸೆ, ತಮ್ಮ, ಅಳಿಯಂದಿರಿಗೆ ಈ ಪತ್ರ. ನಾನು ಮೂಳೆ ಮತ್ತು ಕೀಲಿನ ಶಸ್ತ್ರವೈದ್ಯ. ನಿಮ್ಮಂಥವರು ಬೇರೆ ಬೇರೆ ದಾರಿಗಳಿಂದ ನಮ್ಮ ಹತ್ತಿರ ಬರುತ್ತೀರಿ. ಹದಿನೈದು, ಇಪ್ಪತ್ತು ವರ್ಷ ನಡೆಸಿದ ಕೀಲು ಸವೆದು ಸಡಿಲವಾದವರಿದ್ದೀರಿ. ಬಚ್ಚಲಲ್ಲಿ ಜಾರಿ ಬಿದ್ದು ಒಳಗಿನ ಲೋಹದ ಕಡ್ಡಿಯ ಸುತ್ತ ತೊಡೆಮೂಳೆ ಮುರಿದುಕೊಂಡವರಿದ್ದೀರಿ. ಹಾಕಿದ ಬಾಲ್ ಪದೇಪದೇ ತಪ್ಪಿ ಹೊರಬರುವವರು, ಮೊದಲ ಕೀಲಿಗೇ ಸೋಂಕು ತಗುಲಿದವರು ಇದ್ದೀರಿ. ನಮ್ಮ ದೇಶದಲ್ಲಿ ಇನ್ನೊಂದು ದೊಡ್ಡ ಗುಂಪಿದೆ: ತೊಡೆಮೂಳೆಯ ತಲೆಗೆ ರಕ್ತ ಹೋಗದೆ ಅದು ಕುಸಿದು, ಅಥವಾ ಬೆನ್ನು ಮತ್ತು ಕೀಲುಗಳನ್ನು ಬಿಗಿಸಿಬಿಡುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಬಂದು, ಮೂವತ್ತು ನಲವತ್ತರ ಪ್ರಾಯದಲ್ಲೇ ಮೊದಲ ಕೀಲು ಹಾಕಿಸಿಕೊಂಡವರು. ಅಷ್ಟು ಬೇಗ ಹಾಕಿಸಿಕೊಂಡ ಕೀಲು ಜೀವಮಾನವಿಡೀ ಬಾರದಿದ್ದರೆ ಅದು ಯಾರ ತಪ್ಪೂ ಅಲ್ಲ.

ನಾನು ಹೇಳಬೇಕಾದದ್ದು ಒಂದೇ ವಿಷಯ. ಎರಡನೇ ಆಪರೇಷನ್ನಿನಲ್ಲಿ ಸೋಂಕು ತಡೆಯುವ ಕೆಲಸದ ದೊಡ್ಡ ಪಾಲು ನೀವು ಥಿಯೇಟರಿನ ಬಾಗಿಲು ದಾಟುವ ಮೊದಲೇ ಆಗಿರಬೇಕು. ಅದಕ್ಕೆ ಕೆಲವು ವಾರಗಳು ಬೇಕು. ಆ ವಾರಗಳನ್ನು ದಯವಿಟ್ಟು ಕೊಡಿ. ಕೀವು, ಮುರಿತ, ಪದೇಪದೇ ತಪ್ಪುವ ಕೀಲು ಇಂಥ ತುರ್ತು ಇದ್ದವರ ಮಾತು ಬೇರೆ; ಉಳಿದವರ ಆಪರೇಷನ್ ಒಂದು ತಿಂಗಳು ತಡವಾದರೆ ನೋವು ಒಂದು ತಿಂಗಳು ಹೆಚ್ಚು, ಅಷ್ಟೆ. ಸಿದ್ಧತೆಯಿಲ್ಲದೆ ಮಾಡಿಸಿಕೊಂಡು ಸೋಂಕಾದರೆ ಎರಡು, ಮೂರು ವರ್ಷ ಹೋಗುತ್ತದೆ. ಕೆಲವರ ಕಾಲಿನ ನಡಿಗೆಯೇ ಹೋಗುತ್ತದೆ.

ಮೊದಲ ಸಲ ಕೀಲು ಬದಲಿಸಿದಾಗ ಆಳದಲ್ಲಿ ಸೋಂಕಾಗುವುದು, ಚೆನ್ನಾಗಿ ನಡೆಯುವ ಆಸ್ಪತ್ರೆಗಳಲ್ಲಿ, ನೂರರಲ್ಲಿ ಒಬ್ಬರಿಗೆ, ಹೆಚ್ಚೆಂದರೆ ಇಬ್ಬರಿಗೆ. ಎರಡನೇ ಸಲ ಈ ಪ್ರಮಾಣ ಹಲವು ಪಟ್ಟು ಏರುತ್ತದೆ. ಸೋಂಕಿನ ಕಾರಣಕ್ಕೇ ಎರಡನೆಯದು ಆಗುತ್ತಿದ್ದರೆ ಇನ್ನೂ ಮೇಲೆ. ಕಾರಣಗಳು ಸ್ಪಷ್ಟ. ಮೊದಲ ಆಪರೇಷನ್ ಒಂದೂವರೆ ಗಂಟೆಯಲ್ಲಿ ಮುಗಿದಿದ್ದರೆ ಇದು ಮೂರು, ನಾಲ್ಕು ಗಂಟೆ ಹಿಡಿಯಬಹುದು. ಹಳೆಯ ಗಾಯದಲ್ಲಿ ಗಡುಸಾದ ಮಾಂಸಕ್ಕೆ ರಕ್ತದ ಓಡಾಟ ಕಡಿಮೆ, ರಕ್ತ ಹೋಗದ ಕಡೆ ಬಿಳಿ ರಕ್ತಕಣವೂ ಹೋಗದು, ಔಷಧಿಯೂ ಹೋಗದು. ಹಳೆಯ ಸಿಮೆಂಟು, ಲೋಹ ಕೆತ್ತಿ ತೆಗೆಯುವಾಗ ರಕ್ತ ಹೆಚ್ಚು ಹರಿಯುತ್ತದೆ. ಮೂಳೆ ಸವೆದ ಕಡೆ ಟೊಳ್ಳು ಉಳಿದು ಅಲ್ಲಿ ರಕ್ತ ಮಡುಗಟ್ಟುತ್ತದೆ. ಒಳಗೆ ಕೂರಿಸುವ ಲೋಹವೂ ಮೊದಲಿಗಿಂತ ದೊಡ್ಡದು. ಇಷ್ಟರ ಮೇಲೆ ನಿಮಗೆ ವಯಸ್ಸಾಗಿದೆ, ನಡುವೆ ಶುಗರ್ ಬಂದಿದೆ.

ಲೋಹ ಒಳಗಿದ್ದರೆ ಏನಾಗುತ್ತದೆ ಎಂಬುದು ಗೊತ್ತಾಗಿ ಬಹಳ ಕಾಲವಾಯಿತು. 1957ರಲ್ಲಿ ಇಂಗ್ಲೆಂಡಿನ ಎಲೆಕ್ ಮತ್ತು ಕೋನೆನ್ ಎಂಬ ಇಬ್ಬರು ಸಂಶೋಧಕರು ಒಪ್ಪಿ ಬಂದ ಸ್ವಯಂಸೇವಕರ ಚರ್ಮದಲ್ಲೇ ಪರೀಕ್ಷೆ ಮಾಡಿದರು. ಬರಿಯ ಚರ್ಮದೊಳಗೆ ಕೀವು ಹುಟ್ಟಬೇಕಾದರೆ ಹತ್ತಾರು ಲಕ್ಷ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾ ಬೇಕಾಗುತ್ತಿದ್ದವು. ಅದೇ ಜಾಗದಲ್ಲಿ ಒಂದು ಹೊಲಿಗೆಯ ರೇಷ್ಮೆದಾರ ಇದ್ದರೆ ಕೆಲವು ನೂರು ಸಾಕಾಗುತ್ತಿದ್ದವು. ಒಂದು ದಾರಕ್ಕೇ ಹೀಗಾದರೆ ಗೇಣುದ್ದದ ಲೋಹಕ್ಕೆ ಎಷ್ಟು ಎಚ್ಚರ ಬೇಕು, ಯೋಚಿಸಿ.

ಹೀಗೆ ಒಳಹೋದ ಕೆಲವೇ ಬ್ಯಾಕ್ಟೀರಿಯಾ ಲೋಹದ ಮೈಗೆ ಅಂಟಿಕೊಂಡು, ತಮ್ಮ ಮೇಲೆ ತಾವೇ ಅಂಟಿನ ಪೊರೆ ಹೊದ್ದುಕೊಳ್ಳುತ್ತವೆ. ನಾವು ಇದನ್ನು ಬಯೋಫಿಲ್ಮ್ ಎನ್ನುತ್ತೇವೆ. ಕಲ್ಯಾಣಿಯ ಮೆಟ್ಟಿಲಿಗೆ ಹಿಡಿದ ಪಾಚಿಯ ಹಾಗೆ ಅದು: ಮೇಲೆ ಎಷ್ಟು ನೀರು ಹರಿದರೂ ಹೋಗದು, ಕಲ್ಲನ್ನೇ ಉಜ್ಜಬೇಕು. ಪೊರೆಯೊಳಗಿನ ಬ್ಯಾಕ್ಟೀರಿಯಾವನ್ನು ಕೊಲ್ಲಲು ಬೇಕಾಗುವ ಆಂಟಿಬಯೋಟಿಕ್ ಕೆಲವೊಮ್ಮೆ ನೂರಾರು, ಸಾವಿರ ಪಟ್ಟು. ಅಷ್ಟನ್ನು ಮನುಷ್ಯನ ದೇಹಕ್ಕೆ ಕೊಡಲಾಗದು. ಆದ್ದರಿಂದ "ಸೋಂಕಾದರೆ ಆಮೇಲೆ ಪವರ್‌ಫುಲ್ ಇಂಜೆಕ್ಷನ್ ಕೊಡಿಸೋಣ" ಎಂಬ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ. ಪೊರೆ ಗಟ್ಟಿಯಾದ ಮೇಲೆ ಲೋಹವನ್ನೇ ಕಿತ್ತು ತೆಗೆಯಬೇಕು. ಒಂದೇ ಸಲಕ್ಕೆ ತೆಗೆದು ಹೊಸದು ಹಾಕುವುದೂ ಉಂಟು. ಮೊದಲು ತೆಗೆದು, ಆಂಟಿಬಯೋಟಿಕ್ ಬೆರೆಸಿದ ಸಿಮೆಂಟಿನ ತಾತ್ಕಾಲಿಕ ಕೀಲು ಇಟ್ಟು, ತಿಂಗಳುಗಳ ನಂತರ ಹೊಸದನ್ನು ಹಾಕುವುದೂ ಉಂಟು. ಎರಡೂ ನಿಮ್ಮ ದೇಹಕ್ಕೆ, ಮನೆಯ ಹಣಕ್ಕೆ ದೊಡ್ಡ ಹೊರೆ.

ತಡೆಗಟ್ಟುವುದು ಸಾಧ್ಯವೇ? ಸಾಧ್ಯ ಎಂದು ತೋರಿಸಿದವರು ಈ ಆಪರೇಷನ್ನನ್ನು ಇಂದಿನ ರೂಪಕ್ಕೆ ತಂದ ಜಾನ್ ಚಾರ್ನ್ಲಿಯವರೇ. ಇಂಗ್ಲೆಂಡಿನ ಲ್ಯಾಂಕಾಷೈರಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ 1962ರ ಹೊತ್ತಿಗೆ ಅವರ ಕೀಲು ಒಂದು ಹದಕ್ಕೆ ಬಂತು. ಆದರೆ ಆರಂಭದ ವರ್ಷಗಳಲ್ಲಿ ನೂರಕ್ಕೆ ಏಳರಷ್ಟು ಜನರಿಗೆ ಸೋಂಕಾಗುತ್ತಿತ್ತು. ಅವರು ಥಿಯೇಟರಿನ ಗಾಳಿಯನ್ನು ಶೋಧಿಸಿದರು, ಆಪರೇಷನ್ ಟೇಬಲ್ಲಿನ ಸುತ್ತ ಒಂದು ಗೂಡು ಕಟ್ಟಿದರು, ಶಸ್ತ್ರವೈದ್ಯರ ಉಸಿರು ಮತ್ತು ಮೈಗಾಳಿಯನ್ನು ಹೊರಗೆ ಎಳೆದುಹಾಕುವ ಉಡುಪು ಮಾಡಿಸಿದರು, ಬಟ್ಟೆ, ಗ್ಲೌಸು, ಹೊಲಿಗೆ ಎಲ್ಲದರ ಕ್ರಮ ಬದಲಿಸಿದರು. ಸುಮಾರು ಹತ್ತು ವರ್ಷದಲ್ಲಿ ಸೋಂಕು ನೂರಕ್ಕೆ ಒಂದಕ್ಕಿಂತ ಕೆಳಗೆ ಇಳಿಯಿತು. ಮುಂಜಾಗ್ರತೆಯ ಆಂಟಿಬಯೋಟಿಕ್ ಕೊಡದೆಯೇ ಇಳಿಯಿತು ಎಂಬುದನ್ನು ಗಮನಿಸಬೇಕು. ಅತ್ತ ಜರ್ಮನಿಯ ಹ್ಯಾಂಬರ್ಗಿನಲ್ಲಿ ಬುಖೋಲ್ಟ್ಸ್ ಎಂಬ ವೈದ್ಯರು ಮೂಳೆ ಸಿಮೆಂಟಿಗೇ ಜೆಂಟಾಮೈಸಿನ್ ಎಂಬ ಆಂಟಿಬಯೋಟಿಕ್ ಬೆರೆಸಿ 1970ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿಮಗೆ ಇಂದು ಹಾಕುವ ಸಿಮೆಂಟಿನಲ್ಲಿ ಆ ಕೆಲಸದ ಪಾಲಿದೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕೆಂದಿರುವುದು ಮುಂದಿನದು.

ನಿಮ್ಮ ಕೀಲು "ಸಡಿಲವಾಗಿದೆ" ಎಂದು ಎಕ್ಸ್‌ರೇ ನೋಡಿ ಹೇಳಿರುತ್ತಾರೆ. ಯಾಕೆ ಸಡಿಲವಾಯಿತು ಎಂದು ಕೇಳಿದಿರಾ? ಬರೀ ಸವೆತದಿಂದ ಸಡಿಲವಾದ ಕೀಲೂ ನಿಧಾನವಾದ ಸೋಂಕಿನಿಂದ ಸಡಿಲವಾದ ಕೀಲೂ ಎಕ್ಸ್‌ರೇಯಲ್ಲಿ ಒಂದೇ ಥರ ಕಾಣಬಹುದು. ಇಂಥ ಸೋಂಕಿನಲ್ಲಿ ಜ್ವರವಿರುವುದಿಲ್ಲ, ಕೀವು ಸೋರುವುದಿಲ್ಲ, ಚರ್ಮ ಕೆಂಪಾಗುವುದಿಲ್ಲ. ಒಂದು ನೋವು ಇರುತ್ತದೆ, ಅದು ಕೂತಾಗಲೂ ಮಲಗಿದಾಗಲೂ ಬಿಡುವುದಿಲ್ಲ. ಚರ್ಮದ ಮೇಲೆ ನಮ್ಮೆಲ್ಲರ ಜೊತೆಗೂ ಬದುಕುವ ಸ್ಟೆಫೈಲೊಕಾಕಸ್ ಎಪಿಡರ್ಮಿಡಿಸ್, ಕ್ಯುಟಿಬ್ಯಾಕ್ಟೀರಿಯಂ ಎಂಬ ಸಾಧು ಬ್ಯಾಕ್ಟೀರಿಯಾಗಳು ಲೋಹದ ಮೇಲೆ ಕೂತು ವರ್ಷಗಟ್ಟಲೆ ಹೀಗೆ ಸದ್ದಿಲ್ಲದೆ ಕಾಡುತ್ತವೆ. ಅವು ಒಳಗಿರುವಾಗಲೇ ಸವೆತ ಎಂದುಕೊಂಡು ಹೊಸ ಕೀಲು ಹಾಕಿದರೆ, ಸೋಂಕಿರುವ ಜಾಗಕ್ಕೆ ಹೊಸ ಲೋಹ ಕೊಟ್ಟ ಹಾಗಾಯಿತು. ಎರಡನೇ ಆಪರೇಷನ್ನಿನ ನಂತರದ ಎಷ್ಟೋ ಸೋಂಕುಗಳು ನಿಜವಾಗಿ ಮೊದಲೇ ಇದ್ದವು.

ಆದ್ದರಿಂದ ಆಪರೇಷನ್ನಿಗೆ ಮೊದಲು ಇಎಸ್‌ಆರ್, ಸಿಆರ್‌ಪಿ ಎಂಬ ಎರಡು ರಕ್ತಪರೀಕ್ಷೆ ಎಲ್ಲರಿಗೂ ಆಗಬೇಕು. ಇವು ದುಬಾರಿಯವಲ್ಲ, ತಾಲ್ಲೂಕು ಕೇಂದ್ರದ ಲ್ಯಾಬಿನಲ್ಲೂ ಆಗುತ್ತವೆ. ಅವು ಏರಿದ್ದರೆ, ಅಥವಾ ಏರದಿದ್ದರೂ ಅನುಮಾನವಿದ್ದರೆ, ಕೀಲಿನೊಳಗಿಂದ ಸೂಜಿಯಲ್ಲಿ ನೀರು ತೆಗೆದು ಪರೀಕ್ಷಿಸಬೇಕು. ಆ ನೀರಿನಲ್ಲಿ ಬಿಳಿ ರಕ್ತಕಣ ಎಷ್ಟು, ಅವುಗಳಲ್ಲಿ ನ್ಯೂಟ್ರೊಫಿಲ್ ಎಷ್ಟು ಪಾಲು ಎಂದು ನೋಡುತ್ತೇವೆ. ಒಂದು ಮೈಕ್ರೊಲೀಟರಿಗೆ ಮೂರು ಸಾವಿರ ಕಣ ದಾಟಿದರೆ ಸೋಂಕಿನ ಗುಮಾನಿ ಬಲವಾಗುತ್ತದೆ. ಉಳಿದ ನೀರನ್ನು ಕಲ್ಚರಿಗೆ ಹಾಕುತ್ತೇವೆ. ನಿಧಾನವಾಗಿ ಬೆಳೆಯುವ ಬ್ಯಾಕ್ಟೀರಿಯಾ ಸಿಗಬೇಕಾದರೆ ಲ್ಯಾಬಿನವರು ಅದನ್ನು ಹದಿನಾಲ್ಕು ದಿನ ಇಡಬೇಕು. ಎರಡೋ ಮೂರೋ ದಿನಕ್ಕೆ "ಏನೂ ಬೆಳೆದಿಲ್ಲ" ಎಂಬ ರಿಪೋರ್ಟು ಬಂದರೆ ಅದು ಪೂರ್ತಿ ಉತ್ತರವಲ್ಲ. ನಮ್ಮ ದೇಶದಲ್ಲಿ ಟಿ.ಬಿ.ಯನ್ನೂ ಮರೆಯಬಾರದು, ಕೀಲಿನ ನೀರಿನಲ್ಲಿ ಅದಕ್ಕೂ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಲೋಹದ ಬಟ್ಟಲಿಗೆ ಲೋಹದ ಬಾಲ್ ಇರುವ ಕೀಲು ಹಾಕಿಸಿಕೊಂಡವರಿಗೆ ಇಲ್ಲಿ ಒಂದು ಮಾತು. ಡಿಪ್ಯೂ ಕಂಪನಿಯ ಎಎಸ್‌ಆರ್ ಎಂಬ ಇಂಥದೇ ಕೀಲನ್ನು 2010ರ ಆಗಸ್ಟಿನಲ್ಲಿ ಜಗತ್ತಿನಾದ್ಯಂತ ಹಿಂತೆಗೆದುಕೊಳ್ಳಲಾಯಿತು. ಭಾರತದಲ್ಲೂ ಸಾವಿರಾರು ಜನರಿಗೆ ಅದನ್ನು ಹಾಕಲಾಗಿತ್ತು, ಎಷ್ಟೋ ಜನ ಮತ್ತೆ ಆಪರೇಷನ್ ಮಾಡಿಸಿಕೊಳ್ಳಬೇಕಾಯಿತು. ಲೋಹದ ಕಣಗಳಿಂದ ಹುಟ್ಟುವ ಮಂದ ದ್ರವ ಕಣ್ಣಿಗೆ ಕೀವಿನ ಹಾಗೇ ಕಾಣುತ್ತದೆ, ಯಂತ್ರ ಎಣಿಸುವ ರಕ್ತಕಣದ ಲೆಕ್ಕವೂ ಅಲ್ಲಿ ತಪ್ಪುತ್ತದೆ. ಅಂಥವರ ಕೀಲಿನ ನೀರನ್ನು ಸೂಕ್ಷ್ಮದರ್ಶಕದಲ್ಲಿ ಕೈಯಿಂದ ಎಣಿಸಿ ನೋಡಲು ಕೇಳಿ.

ಈ ಎಲ್ಲ ಪರೀಕ್ಷೆಯನ್ನೂ ಹಾಳುಮಾಡುವ ಒಂದು ವಸ್ತು ನಿಮ್ಮ ಬೀದಿಯ ಮೆಡಿಕಲ್ ಶಾಪಿನಲ್ಲಿದೆ. ಸೊಂಟ ನೋವು, ಸ್ವಲ್ಪ ಮೈಬಿಸಿ ಎಂದರೆ ಒಂದು ಸ್ಟ್ರಿಪ್ ಆಂಟಿಬಯೋಟಿಕ್ ಕೈಗೆ ಬರುತ್ತದೆ. ಐದು ದಿನ ನುಂಗಿದರೆ ಲೋಹದ ಮೇಲಿನ ಪೊರೆಗೆ ಏನೂ ಆಗುವುದಿಲ್ಲ. ಆದರೆ ನೀರಿನಲ್ಲಿ ತೇಲುತ್ತಿದ್ದ ಬ್ಯಾಕ್ಟೀರಿಯಾ ಸತ್ತು, ಕಲ್ಚರಿನಲ್ಲಿ ಏನೂ ಬೆಳೆಯುವುದಿಲ್ಲ. ಸೋಂಕು ಉಳಿಯಿತು, ಅದರ ಗುರುತು ಅಳಿಸಿಹೋಯಿತು. ಶತ್ರು ಯಾರೆಂದು ತಿಳಿಯದೆ ಯಾವ ಔಷಧಿ ಕೊಡುವುದು, ಸಿಮೆಂಟಿಗೆ ಯಾವುದನ್ನು ಬೆರೆಸುವುದು? ಇದು ನನ್ನನ್ನು ಬಹಳ ವರ್ಷಗಳಿಂದ ಸಂಕಟಪಡಿಸುತ್ತಿರುವ ವಿಷಯ. ಕಾನೂನು ಇದೆ: 2014ರಿಂದ ಜಾರಿಯಲ್ಲಿರುವ ಷೆಡ್ಯೂಲ್ ಎಚ್1 ಪ್ರಕಾರ ಅನೇಕ ಆಂಟಿಬಯೋಟಿಕ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕು. ಸ್ಟ್ರಿಪ್ಪಿನ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ವೈದ್ಯರು ಹೇಳದೆ ನುಂಗಬಾರದ ಮಾತ್ರೆ. ಕೀಲಿನ ನೀರು ತೆಗೆಯುವ ಮೊದಲು ಕನಿಷ್ಠ ಎರಡು ವಾರ ಯಾವ ಆಂಟಿಬಯೋಟಿಕ್ಕೂ ಹೊಟ್ಟೆಗೆ ಹೋಗಿರಬಾರದು. ಜೀವಕ್ಕೆ ಅಪಾಯವಿರುವ ಸೋಂಕಿದ್ದರೆ ಮಾತು ಬೇರೆ, ಆಗ ವೈದ್ಯರೇ ನಿರ್ಧರಿಸುತ್ತಾರೆ. ಈಗಾಗಲೇ ನುಂಗಿದ್ದರೆ ಹೆದರದೆ ಹೇಳಿ. ಬೈಯುತ್ತಾರೆ ಎಂದು ಮುಚ್ಚಿಟ್ಟರೆ ನಷ್ಟ ನಿಮಗೆ. ಹೆಸರಿಲ್ಲದ ನೋವಿನ ಪುಡಿ, ಕಷಾಯದ ಜೊತೆ ಕೊಡುವ ಬಿಳಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಅದರಲ್ಲಿ ಸ್ಟಿರಾಯ್ಡ್ ಇರುವುದುಂಟು, ಅದು ಗಾಯ ಮಾಯುವುದನ್ನು ತಡೆಯುತ್ತದೆ, ಸೋಂಕಿಗೆ ದಾರಿ ಬಿಡುತ್ತದೆ.

ಇನ್ನು ದೇಹ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ನಿಮಗೆ ಗೊತ್ತಿರುತ್ತದೆ. ಅದು ಏಳೂವರೆ, ಎಂಟು ದಾಟಿದ್ದರೆ ಕಾಯುವುದು ಒಳ್ಳೆಯದು. 2017ರಲ್ಲಿ ಹಲವು ಆಸ್ಪತ್ರೆಗಳ ರೋಗಿಗಳನ್ನು ಸೇರಿಸಿ ಮಾಡಿದ ಒಂದು ಅಧ್ಯಯನ 7.7ರ ಮೇಲೆ ಕೀಲಿನ ಸೋಂಕು ಏರುತ್ತದೆ ಎಂದು ತೋರಿಸಿತು. ಅಡ್ಮಿಟ್ ಆಗುವ ಮುನ್ನಾದಿನ ಊಟ ಬಿಟ್ಟು ಶುಗರ್ ಇಳಿಸಿಕೊಂಡು ಬರುವವರಿದ್ದಾರೆ. ಅದರಿಂದ ಯಂತ್ರಕ್ಕೆ ಮೋಸವಾಗಬಹುದು, ಗಾಯಕ್ಕೆ ಆಗದು. ಬೀಡಿ, ಸಿಗರೇಟು ಸೇದುವವರಿಗೆ ಡೆನ್ಮಾರ್ಕಿನಲ್ಲಿ ನಡೆದು 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದ ಫಲಿತಾಂಶ ಹೇಳಿಬಿಡುತ್ತೇನೆ. ಸೊಂಟ ಮತ್ತು ಮಂಡಿಯ ಕೀಲು ಬದಲಿಗೆ ಬಂದವರಲ್ಲಿ ಒಂದು ಗುಂಪಿಗೆ ಆರರಿಂದ ಎಂಟು ವಾರ ಮೊದಲೇ ಸೇದುವುದನ್ನು ಬಿಡಿಸಲು, ಅಥವಾ ಅರ್ಧಕ್ಕೆ ಇಳಿಸಲು, ನೆರವು ಕೊಟ್ಟರು. ಗಾಯದ ತೊಂದರೆ ಆ ಗುಂಪಿನಲ್ಲಿ ನೂರಕ್ಕೆ 5, ನೆರವು ಸಿಗದವರಲ್ಲಿ ನೂರಕ್ಕೆ 31. ಇಷ್ಟು ದೊಡ್ಡ ವ್ಯತ್ಯಾಸ ತರುವ ಔಷಧಿ ನನ್ನ ಪೆಟ್ಟಿಗೆಯಲ್ಲಿ ಇಲ್ಲ.

ರಕ್ತಹೀನತೆಯನ್ನು ನಮ್ಮ ಹೆಣ್ಣುಮಕ್ಕಳು ದೊಡ್ಡ ವಿಷಯವೆಂದು ತಿಳಿಯುವುದೇ ಇಲ್ಲ. ಎರಡನೇ ಆಪರೇಷನ್ನಿನಲ್ಲಿ ರಕ್ತ ಹೋಗುತ್ತದೆ, ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಬಾಟಲಿಗಟ್ಟಲೆ ಬೇರೆಯವರ ರಕ್ತ ಏರಿಸಬೇಕಾಗುತ್ತದೆ. ಹೀಗೆ ರಕ್ತ ಏರಿಸಿದವರಲ್ಲಿ ಸೋಂಕು ಹೆಚ್ಚು. ನೆಂಟರನ್ನೆಲ್ಲ ರಕ್ತ ಕೊಡಲು ಸಾಲಾಗಿ ನಿಲ್ಲಿಸುವುದಕ್ಕಿಂತ ಎರಡು ತಿಂಗಳು ಮೊದಲೇ ಕಬ್ಬಿಣಾಂಶದ ಚಿಕಿತ್ಸೆ ಶುರುಮಾಡುವುದು ಲೇಸು. ಊಟದ ಮಾತೂ ಇದೆ. ಗಾಯ ಇದ್ದಾಗ ಮೊಟ್ಟೆ ನಂಜು, ಮೀನು ನಂಜು, ಬದನೆ ನಂಜು, ಕಾಳು ನಂಜು ಎಂದು ಬರೀ ಗಂಜಿ, ತಿಳಿಸಾರಿನಲ್ಲಿ ಇಡುವ ಪಥ್ಯ ನಮ್ಮ ಹಳ್ಳಿ ಪಟ್ಟಣಗಳೆರಡರಲ್ಲೂ ಇದೆ. ಪ್ರೀತಿಯಿಂದ ಮಾಡುವ ಪಥ್ಯವೇ ಆದರೂ ಅದರಿಂದ ಕೇಡಾಗುತ್ತದೆ. ರಕ್ತದ ಅಲ್ಬುಮಿನ್ 3.5ಕ್ಕಿಂತ ಕೆಳಗಿಳಿದವರ ಗಾಯ ಸರಿಯಾಗಿ ಕೂಡುವುದಿಲ್ಲ. ತಿನ್ನುವವರು ಮೊಟ್ಟೆ, ಮೀನು ತಿನ್ನಲಿ. ತಿನ್ನದವರು ಬೇಳೆ, ಹೆಸರುಕಾಳು, ಹಾಲು, ಮೊಸರು ತುಂಬ ತೆಗೆದುಕೊಳ್ಳಲಿ. ಮೂತ್ರಪಿಂಡದ ಕಾಯಿಲೆ ಇದ್ದವರು ಮಾತ್ರ ವೈದ್ಯರನ್ನು ಕೇಳಿ.

ತಲೆಯಿಂದ ಕಾಲಿನವರೆಗೆ ಚರ್ಮವನ್ನೊಮ್ಮೆ ನೋಡಿಸಿಕೊಳ್ಳಿ. ಗದ್ದೆ, ತೋಟದಲ್ಲಿ ದುಡಿಯುವವರ ಬೆರಳ ಸಂದಿನ ಕೆಸರುಹುಣ್ಣು, ಒಡೆದ ಹಿಮ್ಮಡಿ, ತೊಡೆಸಂದಿನ ಗಜಕರ್ಣ, ಕುರು ಇವೆಲ್ಲ ಬ್ಯಾಕ್ಟೀರಿಯಾ ಒಳನುಗ್ಗುವ ಬಾಗಿಲುಗಳು. ಹುಳುಕು ಹಲ್ಲು, ಕೀವು ತುಂಬಿದ ಒಸಡು ಇದ್ದರೆ ದಂತವೈದ್ಯರ ಕೆಲಸ ಮೊದಲು ಮುಗಿಯಲಿ. ಉರಿಮೂತ್ರ ಇದ್ದರೆ ಹೇಳಿ. ಸೊಂಟದ ಕೀಲಿನೊಳಗೆ ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡಿದ್ದರೆ ಮೂರು ತಿಂಗಳು ಕಳೆಯಬೇಕು.

ಮೂಗನ್ನು ಯಾರೂ ನೆನೆಯುವುದಿಲ್ಲ. ನಮ್ಮಲ್ಲಿ ಸುಮಾರು ಮೂರರಲ್ಲೊಬ್ಬರ ಮೂಗಿನೊಳಗೆ ಸ್ಟೆಫೈಲೊಕಾಕಸ್ ಆರಿಯಸ್ ಸುಮ್ಮನೆ ಮನೆಮಾಡಿಕೊಂಡಿರುತ್ತದೆ. ಕೀಲಿನ ಸೋಂಕು ತರುವವುಗಳಲ್ಲಿ ಅದು ಮುಂಚೂಣಿಯದು. ನೆದರ್ಲೆಂಡಿನಲ್ಲಿ ಮೂಗಿನ ಪರೀಕ್ಷೆ ಮಾಡಿ, ಅದು ಇದ್ದವರಿಗೆ ಐದು ದಿನ ಮೂಗಿಗೆ ಮ್ಯುಪಿರೋಸಿನ್ ಮುಲಾಮು, ಮೈಗೆ ಕ್ಲೋರ್‌ಹೆಕ್ಸಿಡಿನ್ ಸ್ನಾನ ಕೊಟ್ಟರು. ಈ ಬ್ಯಾಕ್ಟೀರಿಯಾದ ಸೋಂಕು ನೂರಕ್ಕೆ 7.7 ಇದ್ದದ್ದು 3.4ಕ್ಕೆ ಇಳಿಯಿತು. 2010ರಲ್ಲಿ ಪ್ರಕಟವಾದ ಫಲಿತಾಂಶ ಇದು. ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿಯೂ ಮೂಳೆ ಆಪರೇಷನ್ನಿಗೆ ಬರುವ ಇಂಥವರಿಗೆ ಈ ಮುಲಾಮನ್ನು ಹೇಳುತ್ತದೆ. ಒಂದು ಸಣ್ಣ ಟ್ಯೂಬಿನ ಖರ್ಚು. ನಿಮ್ಮ ವೈದ್ಯರನ್ನು ಕೇಳಿ.

ಅದೇ ಮಾರ್ಗಸೂಚಿ ಆಪರೇಷನ್ ಜಾಗದ ಕೂದಲನ್ನು ಬ್ಲೇಡಿನಿಂದ ಬೋಳಿಸಬಾರದು ಎನ್ನುತ್ತದೆ. ಬ್ಲೇಡು ಕಣ್ಣಿಗೆ ಕಾಣದ ಗೀರುಗಳನ್ನು ಬಿಡುತ್ತದೆ, ರಾತ್ರಿಯಿಡೀ ಅಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ತೀರಾ ಬೇಕಾದರೆ ಕ್ಲಿಪ್ಪರಿನಿಂದ ಕತ್ತರಿಸಿದರೆ ಸಾಕು. ಮನೆಯಲ್ಲೇ ನುಣ್ಣಗೆ ಬೋಳಿಸಿಕೊಂಡು ಬರಬೇಡಿ. ಹಿಂದಿನ ರಾತ್ರಿ ವಾರ್ಡಿಗೆ ಬ್ಲೇಡು ಹಿಡಿದು ಬಂದರೆ ಬೇಡ ಎನ್ನುವ ಹಕ್ಕು ನಿಮಗಿದೆ. ಸೋಪು ಹಚ್ಚಿ ಸ್ನಾನ ಮಾಡಿ ಬನ್ನಿ.

ಪೆನ್ಸಿಲಿನ್ ಅಲರ್ಜಿ ಎಂದು ಫೈಲಿನ ಮೇಲೆ ಕೆಂಪಕ್ಷರದಲ್ಲಿ ಬರೆದಿದ್ದರೆ ಅದು ಯಾವಾಗ, ಏನಾದಾಗ ಬರೆದದ್ದು ಎಂದು ನೆನಪಿಸಿಕೊಳ್ಳಿ. ಹೊಟ್ಟೆ ತೊಳಸಿದ್ದಕ್ಕೋ ತಲೆ ಸುತ್ತಿದ್ದಕ್ಕೋ ಬಾಲ್ಯದಲ್ಲಿ ಬರೆದಿರುವುದೇ ಹೆಚ್ಚು. ಆ ಹಣೆಪಟ್ಟಿಯಿಂದಾಗಿ ಈ ಆಪರೇಷನ್ನಿಗೆ ಅತ್ಯುತ್ತಮವಾದ ಸೆಫಜೋಲಿನ್ ಎಂಬ ಆಂಟಿಬಯೋಟಿಕ್ ಬಿಟ್ಟು ಬೇರೆ ಔಷಧಿ ಕೊಡುತ್ತಾರೆ, ಅಂಥವರಲ್ಲಿ ಸೋಂಕು ಹೆಚ್ಚು ಕಾಣುತ್ತದೆ. ನಿಜವಾದ ಅಲರ್ಜಿಯೇ ಎಂದು ಮೊದಲೇ ಪರೀಕ್ಷೆ ಮಾಡಿಸಬಹುದು. ಉಸಿರು ಕಟ್ಟಿದ್ದು, ಮುಖ ಊದಿದ್ದು ನಡೆದಿದ್ದರೆ ಅದನ್ನು ಮಾತ್ರ ತಪ್ಪದೆ ಹೇಳಬೇಕು.

ಮನೆಯವರಿಗೆ ಒಂದು ಕೆಲಸ: ಮೊದಲ ಆಪರೇಷನ್ನಿನ ಕಾಗದ ಹುಡುಕಿ. ಡಿಸ್‌ಚಾರ್ಜ್ ಸಮ್ಮರಿಯ ಜೊತೆ, ಇಲ್ಲವೇ ಆಪರೇಷನ್ ನೋಟಿನಲ್ಲಿ, ಕೀಲಿನ ಕಂಪನಿ, ಮಾದರಿ, ಸೈಜು ಇರುವ ಸಣ್ಣ ಸ್ಟಿಕ್ಕರುಗಳನ್ನು ಅಂಟಿಸಿರುತ್ತಾರೆ. ಅದು ಸಿಕ್ಕರೆ ತೆಗೆಯುವ ಸಲಕರಣೆ ಯಾವುದು, ಬಟ್ಟಲು ಉಳಿಸಿಕೊಂಡು ಬಾಲ್ ಮಾತ್ರ ಬದಲಿಸಬಹುದೇ ಎಂಬುದೆಲ್ಲ ಮೊದಲೇ ಗೊತ್ತಾಗುತ್ತದೆ, ಆಪರೇಷನ್ನಿನ ಹೊತ್ತು ಉಳಿಯುತ್ತದೆ. ಗಾಯ ತೆರೆದಿರುವ ಪ್ರತಿ ಅರ್ಧ ಗಂಟೆಗೂ ಸೋಂಕಿನ ಲೆಕ್ಕದಲ್ಲಿ ಬೆಲೆಯಿದೆ. ಸ್ವೀಡನ್ ದೇಶ 1979ರಿಂದಲೇ ಪ್ರತಿ ಸೊಂಟದ ಕೀಲನ್ನೂ ರಾಷ್ಟ್ರೀಯ ದಾಖಲೆಯಲ್ಲಿ ಬರೆದಿಡುತ್ತ ಬಂದಿದೆ. ನಮ್ಮಲ್ಲಿ ಪ್ರತಿ ಕೀಲನ್ನೂ ಕಡ್ಡಾಯವಾಗಿ ಬರೆದಿಡುವ ಅಂಥ ವ್ಯವಸ್ಥೆ ಇಲ್ಲದಿರುವಾಗ ಬೀರುವಿನಲ್ಲಿರುವ ಆ ಹಳದಿಯಾದ ಕಾಗದವೇ ದಾಖಲೆ.

ಇನ್ನೊಂದು ವಿಷಯ ಆಸ್ಪತ್ರೆಯ ಹೊರಗಿನವರಿಗೆ ಗೊತ್ತೇ ಇರುವುದಿಲ್ಲ. ಎರಡನೇ ಆಪರೇಷನ್ನಿಗೆ ಬೇಕಾದ ಸಲಕರಣೆಗಳು ಹೆಚ್ಚಿನ ಆಸ್ಪತ್ರೆಗಳಲ್ಲಿ ಸ್ವಂತದ್ದಿರುವುದಿಲ್ಲ. ಇಂಪ್ಲಾಂಟ್ ಕಂಪನಿಯವರು ಪೆಟ್ಟಿಗೆಗಳಲ್ಲಿ ತರುತ್ತಾರೆ, ನಿನ್ನೆ ಇನ್ನೊಂದು ಊರಿನ ಆಸ್ಪತ್ರೆಯಲ್ಲಿ ಬಳಕೆಯಾದ ಸಲಕರಣೆಯೇ ಇಂದು ಇಲ್ಲಿಗೆ ಬರುವುದುಂಟು. ಅವನ್ನು ಬಿಡಿಬಿಡಿಯಾಗಿ ಬಿಚ್ಚಿ, ಉಜ್ಜಿ ತೊಳೆದು, ಒಣಗಿಸಿ, ಪ್ಯಾಕ್ ಮಾಡಿ, ಆಟೊಕ್ಲೇವಿನ ಬಿಸಿ ಹಬೆಯಲ್ಲಿ ಸ್ಟೆರಿಲೈಸ್ ಮಾಡಲು ಗಂಟೆಗಟ್ಟಲೆ ಬೇಕು. ಪೆಟ್ಟಿಗೆ ಆಪರೇಷನ್ ದಿನ ಬೆಳಿಗ್ಗೆ ಬಂದರೆ ಆ ಕೆಲಸ ಅವಸರದಲ್ಲಿ ಆಗುತ್ತದೆ. ತಡವಾಗುವುದಕ್ಕೆ ಒಂದು ಸಾಮಾನ್ಯ ಕಾರಣ ಇನ್ಶೂರೆನ್ಸ್ ಒಪ್ಪಿಗೆ ಅಥವಾ ಅಡ್ವಾನ್ಸ್ ಹಣ ಕೊನೆಯ ಘಳಿಗೆಯಲ್ಲಿ ಬರುವುದು. ಆ ಕಾಗದಪತ್ರ ಒಂದು ವಾರ ಮೊದಲೇ ಮುಗಿಸಿ. "ಸಲಕರಣೆ ನಿನ್ನೆಯೇ ಬಂದು ಸ್ಟೆರಿಲೈಸ್ ಆಗಿದೆಯಾ ಸಾರ್?" ಎಂದು ಕೇಳಿ. ಇದು ಉದ್ಧಟತನವಲ್ಲ. ಈ ಪ್ರಶ್ನೆ ಕೇಳುವ ಮನೆಯವರಿದ್ದರೆ ಥಿಯೇಟರಿನ ಸಿಸ್ಟರಿಗೂ ಬಲ ಬರುತ್ತದೆ.

ಜಾಹೀರಾತಿನಲ್ಲಿ "ಲ್ಯಾಮಿನಾರ್ ಫ್ಲೋ, ಮಾಡ್ಯುಲರ್ ಥಿಯೇಟರ್" ಎಂದು ನೋಡಿ ಆಸ್ಪತ್ರೆ ಆರಿಸುವವರಿದ್ದೀರಿ. ಚಾರ್ನ್ಲಿಯವರ ಗಾಳಿಯ ಗೂಡಿನ ಮುಂದಿನ ರೂಪ ಅದು. 1982ರಲ್ಲಿ ಪ್ರಕಟವಾದ, ಎಂಟು ಸಾವಿರಕ್ಕೂ ಹೆಚ್ಚು ಆಪರೇಷನ್ನುಗಳ ದೊಡ್ಡ ಪ್ರಯೋಗದಲ್ಲಿ ಶುದ್ಧ ಗಾಳಿ ಸೋಂಕನ್ನು ಅರ್ಧಕ್ಕಿಂತ ಕೆಳಗಿಳಿಸಿದ್ದು ನಿಜ. ಆದರೆ ಈಚಿನ ದಾಖಲೆಗಳಲ್ಲಿ ಆ ಲಾಭ ಕಾಣದೆ, ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಸೋಂಕು ತಡೆಯಲೆಂದು ಅದನ್ನು ಬಳಸಬೇಕಿಲ್ಲ ಎಂದಿತು. ನಮ್ಮೊಳಗೆ ಇದರ ಬಗ್ಗೆ ಇನ್ನೂ ಚರ್ಚೆ ಇದೆ. ನನ್ನ ಅಭಿಪ್ರಾಯ ಕೇಳಿದರೆ, ಥಿಯೇಟರಿನ ಚಾವಣಿಗಿಂತ ಅದರ ಬಾಗಿಲನ್ನು ನೋಡಬೇಕು: ಆಪರೇಷನ್ ನಡೆಯುವಾಗ ಅದು ಎಷ್ಟು ಸಲ ತೆರೆಯುತ್ತದೆ, ಒಳಗೆ ಎಷ್ಟು ಜನ ನಿಂತಿರುತ್ತಾರೆ. ಥಿಯೇಟರಿನ ಗಾಳಿಯಲ್ಲಿರುವ ಬ್ಯಾಕ್ಟೀರಿಯಾ ಹೆಚ್ಚಾಗಿ ಮನುಷ್ಯರ ಚರ್ಮದಿಂದ ಉದುರಿದವು. ಆಂಟಿಬಯೋಟಿಕ್ ಕೊಯ್ಯುವ ಮೊದಲಿನ ಒಂದು ಗಂಟೆಯೊಳಗೆ ರಕ್ತಕ್ಕೆ ಸೇರಿರಬೇಕು, ಆಪರೇಷನ್ ನಾಲ್ಕು ಗಂಟೆ ದಾಟಿದರೆ ಅಥವಾ ರಕ್ತ ಬಹಳ ಹೋದರೆ ಮತ್ತೆ ಕೊಡಬೇಕು, ಮಾಮೂಲಿ ಸಂದರ್ಭದಲ್ಲಿ 24 ಗಂಟೆಗೆ ನಿಲ್ಲಿಸಬೇಕು. ಹತ್ತು ದಿನ ಇಂಜೆಕ್ಷನ್ ಕೊಟ್ಟರೆ ಮಾತ್ರ ಒಳ್ಳೆಯ ಡಾಕ್ಟರು ಎಂದುಕೊಳ್ಳಬೇಡಿ. ಹಳೆಯ ಕೀಲು ತೆಗೆದಾಗ ಒಳಗಿನ ಐದಾರು ಜಾಗದಿಂದ, ಬೇರೆ ಬೇರೆ ಸಲಕರಣೆಯಿಂದ, ಮಾಂಸದ ತುಣುಕು ತೆಗೆದು ಕಲ್ಚರಿಗೆ ಕಳಿಸುತ್ತೇವೆ. ಬಿಲ್ಲಿನಲ್ಲಿ ಆರು ಕಲ್ಚರ್ ಕಂಡು ಯಾಕಿಷ್ಟು ಎಂದು ಸಿಟ್ಟಾಗಬೇಡಿ. ಒಂದರಲ್ಲಿ ಬೆಳೆದರೆ ಅದು ಹೊರಗಿನಿಂದ ಬಂದದ್ದಿರಬಹುದು, ಎರಡರಲ್ಲಿ ಒಂದೇ ಬ್ಯಾಕ್ಟೀರಿಯಾ ಬೆಳೆದರೆ ಅದು ಸೋಂಕು.

ತಾರೀಕಿನ ಮಾತಿಗೆ ಬರಲೇಬೇಕು. ಅಮೆರಿಕದ ಮಗನ ರಜೆ, ಆಷಾಢ ಮುಗಿಯುವುದು, ಒಳ್ಳೆಯ ಲಗ್ನ, ಮೊಮ್ಮಗಳ ಮದುವೆಗೆ ಮೊದಲು ಓಡಾಡುವಂತಾಗಬೇಕೆಂಬ ಆಸೆ ಇವೆಲ್ಲ ಸೇರಿ ಒಂದು ದಿನ ನಿಗದಿಯಾಗಿರುತ್ತದೆ. ಹಿಂದಿನ ವಾರ ಕಾಲಿನಲ್ಲಿ ಒಂದು ಕುರು ಏಳುತ್ತದೆ, ಶುಗರ್ ಹಾರುತ್ತದೆ. ಹೇಳಿದರೆ ಡಾಕ್ಟರು ಮುಂದೂಡುತ್ತಾರೆ ಎಂದು ಅದನ್ನು ಸೀರೆ, ಪಂಚೆಯ ಕೆಳಗೆ ಮುಚ್ಚಿಕೊಂಡು ಬರುತ್ತೀರಿ. ದಯವಿಟ್ಟು ಹಾಗೆ ಮಾಡಬೇಡಿ. ಮಗನ ರಜೆ ಮತ್ತೆ ಬರುತ್ತದೆ. ವಿದೇಶದಲ್ಲಿರುವ ಮಕ್ಕಳಿಗೂ ಹೇಳುತ್ತೇನೆ: ನಿಮ್ಮ ಟಿಕೆಟಿನ ದಿನಕ್ಕೆ ಅಪ್ಪ ಅಮ್ಮನ ಆಪರೇಷನ್ನನ್ನು ಹೊಂದಿಸಬೇಡಿ. ಮುಂದೂಡುವ ವೈದ್ಯರ ಮೇಲೆ ಬೇಸರಪಟ್ಟು, ನಾಳೆಯೇ ಮಾಡುತ್ತೇನೆ ಎನ್ನುವವರನ್ನು ಹುಡುಕಿ ಹೋಗಬೇಡಿ.

ಆಪರೇಷನ್ ಆದ ಮೇಲೆ ನೋಡಲು ಬರುವವರು ಹಾಸಿಗೆಯ ಮೇಲೆ ಕೂರುವುದು ಬೇಡ, ಡ್ರೆಸಿಂಗ್ ಎತ್ತಿ ನೋಡುವುದು ಬೇಡ. ಗಾಯಕ್ಕೆ ಅರಿಶಿನ, ಬೂದಿ, ಎಣ್ಣೆ, ಸೊಪ್ಪಿನ ಪಟ್ಟು ಯಾವುದೂ ಬೇಡ. ಮೂತ್ರದ ನಳಿಗೆ ಅಗತ್ಯ ಮುಗಿದ ದಿನವೇ ತೆಗೆಯಲು ಕೇಳಿ. ಮುಂದೆ ಯಾವ ಕಾಯಿಲೆಗೇ ಆಗಲಿ ಆಪರೇಷನ್ ಆದ ಬದಿಯ ಚಪ್ಪೆಗೆ ಇಂಜೆಕ್ಷನ್ ಚುಚ್ಚಿಸಿಕೊಳ್ಳಬೇಡಿ. ಕಾಲಿನ ಹುಣ್ಣು, ಉರಿಮೂತ್ರ, ಹಲ್ಲಿನ ಕೀವುಗಳನ್ನು ವರ್ಷಗಳು ಕಳೆದರೂ ಕಡೆಗಣಿಸಬೇಡಿ. ರಕ್ತದ ಮೂಲಕ ಬಂದ ಬ್ಯಾಕ್ಟೀರಿಯಾ ಯಾವತ್ತು ಬೇಕಾದರೂ ಲೋಹದ ಮೇಲೆ ಕೂರಬಹುದು.

ಕೊನೆಯದಾಗಿ, ಸೋರುವ ಗಾಯ. ಮೊದಲ ಎರಡು ಮೂರು ದಿನ ಡ್ರೆಸಿಂಗ್ ಸ್ವಲ್ಪ ನೆನೆಯುವುದು ಸಹಜ. ಐದು ದಿನ, ವಾರ ಕಳೆದರೂ ನೆನೆಯುತ್ತಿದ್ದರೆ, ಅಥವಾ ಒಣಗಿದ್ದ ಗಾಯ ಮತ್ತೆ ಸೋರಿದರೆ, ಅದಕ್ಕೆ ಮಾತ್ರೆ ನುಂಗುತ್ತ ಕಾಯಬಾರದು. ಬೇಗ ತೆರೆದು ತೊಳೆಯಬೇಕಾಗಬಹುದು. ಪೊರೆ ಗಟ್ಟಿಯಾಗುವ ಮೊದಲು ತೊಳೆದು, ಬಾಲ್ ಮತ್ತು ಪ್ಲಾಸ್ಟಿಕ್ ಪದರ ಬದಲಿಸಿದರೆ ಕೀಲು ಉಳಿಯುವ ಸಾಧ್ಯತೆ ಚೆನ್ನಾಗಿರುತ್ತದೆ, ವಾರಗಳು ಕಳೆದಷ್ಟೂ ಅದು ಕಡಿಮೆಯಾಗುತ್ತ ಹೋಗುತ್ತದೆ. ಆದ್ದರಿಂದ ಡಿಸ್‌ಚಾರ್ಜ್ ಆಗುವಾಗಲೇ ಆಪರೇಷನ್ ಮಾಡಿದವರ ಫೋನ್ ನಂಬರನ್ನು ಮನೆಯ ಇಬ್ಬರು ಬರೆದಿಟ್ಟುಕೊಳ್ಳಿ. ಗಾಯ ಸೋರಿದ ದಿನ ಹತ್ತಿರದ ಮೆಡಿಕಲ್ ಶಾಪಿಗೆ ಹೋಗಬೇಡಿ, ಊರ ಕಾಂಪೌಂಡರನ್ನು ಕರೆಸಬೇಡಿ, ಭಾನುವಾರವಾದರೂ ಹಬ್ಬವಾದರೂ ಅವರಿಗೆ ಫೋನ್ ಮಾಡಿ.